ಸಿಕ್ಕಿದಲ್ಲೇ ಒಂದು ಬಾಟ್ಲಿ

ನಾನು ಕುಡಿಯುವವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕುವೈತಿನಂಥ ಪಾನನಿಷೇಧದ ದೇಶದಲ್ಲಿ ಕಾರಿನೊಳಗೆ ಬಾಟ್ಲಿ ಇಟ್ಟುಕೊಂಡು ಓಡಾಡಿದವನ ಮಾತನ್ನು ಆಮೇಲೆ ಯಾರೂ ನಂಬುವುದಿಲ್ಲ. ನಮ್ಮದು ಗದಗಿನ ಕಡೆಯ ಮನೆ, ನನ್ನ ಕೊರಳಲ್ಲಿ ಲಿಂಗವಿದೆ, ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ ಟೆಕ್ನಿಷಿಯನ್ ಕೆಲಸ. ಬಸವಂತ ಎಂದರೆ ಅಲ್ಲಿನ ಕನ್ನಡದವರಿಗೆಲ್ಲ ಸಿಟ್ಟಿನ ಮನುಷ್ಯ ಎಂದೇ ಗೊತ್ತು. ಸಿಟ್ಟು ಬರುವಂಥ ಕೆಲಸ ಜನ ಮಾಡಿದರೆ ನಾನೇನು ಮಾಡಲಿ?

ತೊಂಬತ್ತೊಂದರ ಅಕ್ಟೋಬರ್. ಇರಾಕಿನವರು ಹೋಗುವಾಗ ಹಚ್ಚಿದ ತೈಲಬಾವಿಗಳ ಬೆಂಕಿ ಇನ್ನೂ ಪೂರ್ತಿ ಆರಿರಲಿಲ್ಲ. ಒಣಗಲು ಹಾಕಿದ ಬಿಳಿ ಅಂಗಿ ಸಂಜೆಗೆ ಬೂದು ಬಣ್ಣಕ್ಕೆ ತಿರುಗುತ್ತಿತ್ತು. ಹೆಂಡತಿ ಶೈಲಾ ಊರಿನಿಂದ ಇನ್ನೂ ವಾಪಸ್ ಬಂದಿರಲಿಲ್ಲವಾದ್ದರಿಂದ ನನ್ನ ಊಟ ಖೈತಾನಿನ ಒಂದು ಮೆಸ್ಸಿನಲ್ಲಿ. ಅಲ್ಲಿ ಅಡುಗೆ ಮಾಡುತ್ತಿದ್ದವನು ತನಿಯಪ್ಪ, ಬಂಟ್ವಾಳದ ಕಡೆಯ ತುಳುವ. ಮೀನಿನ ಪಾತ್ರೆ ತಾಗದಂತೆ ನನಗಾಗಿ ತರಕಾರಿ ಪಾತ್ರೆಯನ್ನು ಬೇರೆ ಇಡುತ್ತಿದ್ದ. ಅಷ್ಟು ಸಾಕು, ನನಗೆ ಅವನ ಮೇಲೆ ಪ್ರೀತಿ.

ಒಂದು ಗುರುವಾರ ಊಟ ಮುಗಿದ ಮೇಲೆ ಅವನು ಚಹಾ ಹಿಡಿದು ಎದುರು ಬಂದು ಕೂತ.

"ಬಸವಂತಣ್ಣ, ನಾಳೆ ರಜೆ ಅಲ್ವಾ? ಒಮ್ಮೆ ಅಹ್ಮದಿಗೆ ಹೋಗಿ ಬರುವನಾ?"

"ದಿನಾ ಹೋಗೂದು ಅದss ದಿಕ್ಕಿಗೆ. ರಜಾ ದಿನಾನೂ ಹೊಗೀ ಕುಡಿಲಿಕ್ಕೆ ಅಲ್ಲಿಗೆ ಯಾಕ ಹೋಗಬೇಕೋ?"

"ಒಂದು ಬಾಟ್ಲಿ ಬೇಕಿತ್ತು."

ನಾನು ಚಹಾದ ಲೋಟ ಕೆಳಗಿಟ್ಟೆ. ಅಹ್ಮದಿ ಎಂದರೆ ಲೋಕಕ್ಕೆ ತೈಲದ ಊರು. ನಮ್ಮಂಥ ಪರದೇಶಿಗಳ ನಡುವೆ ಅದರ ಹೆಸರು ಬೇರೆ ಕಾರಣಕ್ಕೆ ಹರಡಿತ್ತು. ಬ್ರಿಟಿಷರು ಕಟ್ಟಿದ ಹಳೆಯ ಊರದು. ಅವರು ರಸ್ತೆಗೆ ನಂಬರು ಕೊಟ್ಟರು, ಮನೆಗೆ ತೋಟ ಕೊಟ್ಟರು, ಬೇಲಿಗೆ ಹಸಿರು ಗಿಡ ನೆಟ್ಟರು, ಒಳಗೆ ಸಾರಾಯಿ ಭಟ್ಟಿ ಇಟ್ಟರು. ಮನೆ ಖಾಲಿ ಮಾಡುವಾಗ ಕೀಲಿಯ ಜೊತೆ ಭಟ್ಟಿಯನ್ನೂ ಮುಂದಿನವನಿಗೆ ಒಪ್ಪಿಸಿ ಹೋಗುತ್ತಿದ್ದರಂತೆ. ಅಲ್ಲಿ ಇಳಿಸಿದ ಮಾಲಿಗೆ 'ಫ್ಲ್ಯಾಶ್' ಎಂದು ಹೆಸರು. ಆ ಊರಿನ ಫ್ಲ್ಯಾಶಿನ ಮುಂದೆ ಬೇರೆಲ್ಲ ನೀರು ಎಂದು ಕುಡಿಯುವವರು ಹೇಳುತ್ತಿದ್ದರು.

"ಬಿಟ್ಟೀನಿ ಅಂದಿದ್ಯಲ್ಲೋ?" ಎಂದೆ.

"ನನಗಲ್ಲ. ಅಜ್ಜನಿಗೆ."

ಅಜ್ಜ ಎಂದರೆ ಅವರ ಕಡೆಯ ದೈವ, ಕೊರಗಜ್ಜ. ಏನಾದರೂ ಕಳೆದುಹೋದರೆ ತುಳುವರು ಅವನಿಗೆ ಹೇಳಿಕೊಳ್ಳುತ್ತಾರೆ. ಸಿಕ್ಕಿದರೆ ಚಕ್ಕುಲಿ, ವೀಳ್ಯ, ಜೊತೆಗೆ ಕಳ್ಳೋ ಸಾರಾಯಿಯೋ ಕೊಡುವುದು ಪದ್ಧತಿ. ತನಿಯಪ್ಪನಿಗೆ ಹೆಸರು ಬಂದದ್ದೂ ಆ ಅಜ್ಜನಿಂದಲೇ. ತನಿಯಪ್ಪ ಈ ಹರಕೆ ಹೇಳಿಕೊಂಡದ್ದು ಹೋದ ವರ್ಷ ಆಗಸ್ಟಿನಲ್ಲಿ, ನನ್ನ ಕಾರಿನಲ್ಲಿ, ನನ್ನ ಪಕ್ಕದಲ್ಲೇ ಕೂತು.

ಆಗ ಅವನ ಹೆಂಡತಿ ಅಪ್ಪಿ ಫಹಾಹೀಲಿನ ಒಂದು ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಇರಾಕಿನ ಸೈನ್ಯ ಬಂದದ್ದೇ ಆ ಮನೆಯವರು ಸೌದಿಯ ದಾರಿ ಹಿಡಿದರು, ಕಾರಿನಲ್ಲಿ ಅಪ್ಪಿಗೆ ಜಾಗವಾಗಲಿಲ್ಲ. ಫೋನ್ ಸತ್ತಿತ್ತು. ನಾವಿಬ್ಬರೂ ಅವಳನ್ನು ಹುಡುಕಿಕೊಂಡು ಹೋದಾಗ ಆ ಮನೆಯ ಬಾಗಿಲು ತೆರೆದೇ ಇತ್ತು, ಒಳಗೆ ಯಾರೂ ಇರಲಿಲ್ಲ. ತನಿಯಪ್ಪ ದಾರಿಯುದ್ದಕ್ಕೂ ತುಳುವಿನಲ್ಲಿ ಏನೋ ಗೊಣಗುತ್ತಿದ್ದ. ನನಗೆ ತಿಳಿಯಲಿಲ್ಲ, ಟ್ಯಾಂಕುಗಳ ಮಧ್ಯೆ ಕಾರು ಓಡಿಸುವವನಿಗೆ ಕೇಳುವ ಪುರಸೊತ್ತೂ ಇರಲಿಲ್ಲ. ಕಡೆಗೆ ಹೆದ್ದಾರಿಯ ಮುಚ್ಚಿದ ಪೆಟ್ರೋಲ್ ಬಂಕೊಂದರ ಹಿಂದೆ, ಗೋಡೆಯ ನೆರಳಿನಲ್ಲಿ, ಸಿಂಹಳದ ಕೆಲವು ಹೆಂಗಸರ ಜೊತೆ ಅವಳು ಕೂತಿದ್ದಳು. ತುಟಿ ಒಡೆದು ರಕ್ತ ಒಸರುತ್ತಿತ್ತು. ಗಂಡನನ್ನು ಕಂಡು ಅವಳು ಅಳಲಿಲ್ಲ, "ನೀರು ತಂದ್ರಾ?" ಎಂದಳು. ಅತ್ತವನು ಅವನು. ಸುಳ್ಳು ಯಾಕೆ, ನಾನೂ ಅತ್ತೆ.

"ಅದನ್ನ ಊರಾಗ ಕೊಡಬೇಕಿಲ್ಲೇನು? ಊರಿಗೆ ಹೋಗಿ ಬಂದ್ಯಲ್ಲ?" ಎಂದೆ.

ತನಿಯಪ್ಪ ತಲೆ ತುರಿಸಿಕೊಂಡ. "ಅಲ್ಲೇ ತಪ್ಪಿದ್ದು ಮಾರಾಯ್ರೆ. ಗಡಿಬಿಡಿಯಲ್ಲಿ ನಾನು, 'ಅವಳು ಸಿಕ್ಕಿದ್ರೆ ಒಂದು ಬಾಟ್ಲಿ' ಅಂತ ಹೇಳ್ಬೇಕಿತ್ತು. ಬಾಯಲ್ಲಿ ಬಂದದ್ದು 'ಅವಳು ಸಿಕ್ಕಿದಲ್ಲೇ ಒಂದು ಬಾಟ್ಲಿ' ಅಂತ. ಊರಲ್ಲಿ ಕೇಳಿದೆ. ಆಡಿದ ಮಾತು ಆಡಿದ ಹಾಗೆಯೇ ಆಗ್ಬೇಕು, ಸಿಕ್ಕಿದಲ್ಲೇ ಕೊಡ್ಬೇಕು ಅಂತ ಹಿರಿಯರು ಹೇಳಿದ್ರು. ನೀವೇ ಸಾಕ್ಷಿ, ಅಣ್ಣ."

"ನನಗ ತುಳು ಎಲ್ಲಿ ಬರ್ತದೋ?"

"ಬಾರದಿದ್ರೂ ಕೇಳಿದ್ದೀರಲ್ಲ."

ಬಾಯಿತಪ್ಪಿದ ಒಂದು ಮಾತಿಗೆ ನನ್ನ ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ರದ್ದಾಗಿ ನಾನು ಮನೆ ಸೇರಬೇಕೆ ಎಂದು ನನಗೆ ಸಿಟ್ಟು ಬಂತು. ಅಷ್ಟಕ್ಕೇ ಮುಗಿಯಲಿಲ್ಲ. ತನಿಯಪ್ಪ ಹಿಂದೆ ಮಹಾ ಕುಡುಕ. ಈ ಒಣದೇಶದಲ್ಲೂ ಅವನಿಗೆ ಎಲ್ಲಿಂದಲೋ ಸಿಗುತ್ತಿತ್ತು, ಕುಡಿದು ಬಿದ್ದವನನ್ನು ಅಪ್ಪಿ ರಜೆಯ ದಿನ ಹುಡುಕಿ ತರುತ್ತಿದ್ದಳು. ಯುದ್ಧದಿಂದ ಓಡಿಬಂದವರಿಗೆ ಜೋರ್ಡಾನಿನ ಅಮ್ಮಾನಿನಲ್ಲಿ ಹಾಕಿದ್ದ ಡೇರೆಗಳನ್ನು ದಾಟಿ ಊರು ಮುಟ್ಟಿದ ಮೇಲೆ ಅವಳು ಅವನ ಕೈ ತನ್ನ ತಲೆಯ ಮೇಲೆ ಇರಿಸಿಕೊಂಡು, ಇನ್ನು ಬಾಟ್ಲಿ ಮುಟ್ಟುವುದಿಲ್ಲ ಎಂದು ಆಣೆ ಹಾಕಿಸಿದ್ದಳು. ಅಂದಿನಿಂದ ಅವನು ಕುಡಿದಿರಲಿಲ್ಲ. ಈಗ ದೈವಕ್ಕೆ ಬಾಟ್ಲಿ ಕೊಡಬೇಕು, ಆದರೆ ಬಾಟ್ಲಿ ಮುಟ್ಟಬಾರದು.

"ಅದಕ್ಕೇ ನೀವು ಹಿಡ್ಕೊಳ್ಬೇಕು," ಎಂದ.

ನಮ್ಮ ಮನೆತನದಲ್ಲಿ ಯಾರೂ ಮುಟ್ಟದ ವಸ್ತುವನ್ನು ಯಾರದೋ ದೈವಕ್ಕಾಗಿ ನಾನು ಹಿಡಿಯಬೇಕು. ಬಾಯಿಗೆ ಬಂದಂತೆ ಬೈದೆ. ಬೈದು ಮುಗಿಸಿ, ಎಷ್ಟೊತ್ತಿಗೆ ಹೊರಡೂದು ಎಂದು ಕೇಳಿದೆ.

ಮೆಟ್ಟಿಲಿಳಿದು ಬರುವಾಗ ಅಪ್ಪಿ ಕೆಳಗೆ ನಿಂತಿದ್ದಳು. ಈಗ ಅವಳು ಹತ್ತಿರದ ಒಂದು ಶಾಲೆಯಲ್ಲಿ ಗುಡಿಸಿ ಒರೆಸುವ ಕೆಲಸ ಮಾಡುತ್ತಿದ್ದಳು. ಸಣ್ಣ ಆಳು, ಮಾತು ಕಡಿಮೆ.

"ಅಣ್ಣ, ನಾಳೆ ನಾನೂ ಬರ್ತೇನೆ."

"ಯಾಕವ್ವಾ ತಂಗಿ, ಚೆಕ್‌ಪಾಯಿಂಟಿನ್ಯಾಗ ಹಿಡದ್ರ ಮೂರೂ ಮಂದಿ ಒಳಗ ಹೋಗ್ತೀವಿ."

"ಅಜ್ಜನಿಗೆ ಇಟ್ಟ ಮೇಲೆ ಹೇಳಿಕೊಂಡವರು ಪ್ರಸಾದ ತೆಕ್ಕೊಳ್ಬೇಕು. ಇವ್ರು ನಿಮ್ಗೆ ಅದನ್ನು ಹೇಳಿಲ್ಲ, ಅಲ್ವಾ?" ಎಂದಳು. "ಒಂದು ಗುಟುಕು ಒಳಗೆ ಹೋದ್ರೆ ಮತ್ತೆ ನಿಲ್ಲುವುದಿಲ್ಲ, ನನಗೆ ಗೊತ್ತುಂಟು. ಇವ್ರು ಕುಡಿದ್ರೆ ನಾನು ಊರಿಗೆ ಹೋಗ್ತೇನೆ. ಮತ್ತೆ ಬರುವುದಿಲ್ಲ. ಅವರಿಗೂ ಹೇಳಿದ್ದೇನೆ, ನಿಮಗೂ ಹೇಳ್ತೇನೆ."

ಅವಳ ಧ್ವನಿ ಏರಲಿಲ್ಲ. ಬಸ್ಸಿನ ಸಮಯ ಹೇಳುವವರ ಹಾಗೆ ಹೇಳಿದಳು. ನನಗೆ ನಿಜವಾಗಿ ಹೆದರಿಕೆಯಾದದ್ದು ಆಗಲೇ, ಪೊಲೀಸರ ನೆನಪಿನಿಂದಲ್ಲ.

ಮರುದಿನ ಮಧ್ಯಾಹ್ನ ಅಹ್ಮದಿ ಮುಟ್ಟುವಾಗ ಕಾರಿನ ದೀಪ ಹಾಕಬೇಕಾಯಿತು. ದಕ್ಷಿಣದ ಆಕಾಶ ಪೂರ್ತಿ ಕಪ್ಪು. ನಾವು ಹೋದದ್ದು ನೊರ್ಬರ್ಟನ ಮನೆಗೆ. ನೊರ್ಬರ್ಟ್ ಮಂಗಳೂರಿನ ಕ್ಯಾಥೊಲಿಕ್, ತೈಲ ಕಂಪನಿಯಲ್ಲಿ ಹಳಬ, ಅಹ್ಮದಿಯಲ್ಲಿ ಅವನ ಭಟ್ಟಿಗಿದ್ದ ಮರ್ಯಾದೆ ಇನ್ಯಾವುದಕ್ಕೂ ಇರಲಿಲ್ಲ. ಅವನ ಬೇಲಿಯ ಗಿಡಗಳೆಲ್ಲ ಮಸಿ ಹಿಡಿದಿದ್ದವು. ಹೆಂಡತಿ ಕ್ಯಾಥರಿನ್ ಬಾಗಿಲು ತೆಗೆದು, ಚಪ್ಪಲಿಗೆ ಮೆತ್ತಿದ ಎಣ್ಣೆ ಒರೆಸಿಕೊಳ್ಳಲು ಹಳೆಯ ಗೋಣಿ ತೋರಿಸಿದಳು. ಅಪ್ಪಿಯ ಕೈಹಿಡಿದು ಅಡುಗೆಮನೆಗೆ ಕರೆದುಕೊಂಡು ಹೋದಳು.

"ಬಂದದ್ದು ಬಂದಿದ್ದೀರಿ, ಒಮ್ಮೆ ಎಲ್ಲ ನೋಡಿ ಹೋಗಿ," ಎಂದ ನೊರ್ಬರ್ಟ್.

"ನಾವೇನು ಟೂರಿಗೆ ಬಂದಿಲ್ಲ," ಎಂದೆ.

"ಇದಕ್ಕೂ ಟೂರ್ ಉಂಟು ಮಾರಾಯ್ರೆ. ಇಲ್ಲಿ ನೋಡಿ." ಗೋಡೆಯ ಮೇಲೊಂದು ಕ್ಯಾಲೆಂಡರಿತ್ತು. ಕೆಂಪು ಇಟ್ಟಿಗೆಯ ಹಳೆಯ ಕಟ್ಟಡಗಳು, ಅಗಲ ಬೀದಿ, ಹಿಂದೆ ಕಪ್ಪು ಬಣ್ಣದ ಎತ್ತರದ ಗೋದಾಮುಗಳು. ಬಾವಿಯ ಬೆಂಕಿ ಆರಿಸಲು ಬಂದ ಅಮೆರಿಕದವನೊಬ್ಬ ಕೊಟ್ಟದ್ದಂತೆ. ಅವನ ಊರು ಕೆಂಟಕಿ ಎಂಬ ರಾಜ್ಯದಲ್ಲಿದೆ, ಸಣ್ಣ ಊರು, ಆದರೆ ಇನ್ನೂರು ವರ್ಷ ಹಳೆಯದು. "ಅಲ್ಲಿ ಬೊರ್ಬನ್ ಮಾಡ್ತಾರೆ. ಊರಿಡೀ ಅದೇ ಕೆಲಸ. ದೂರದಿಂದ ಜನ ಬರ್ತಾರಂತೆ, ಟಿಕೆಟ್ ತೆಗೀತಾರಂತೆ, ಸಾಲಾಗಿ ನಿಂತು ನೋಡ್ತಾರಂತೆ."

"ಬಿಸ್ಕೀಟ್ ಮಾಡೂದು ನೋಡ್ಲಿಕ್ಕೆ ಟಿಕೆಟ್ಟೇನು?" ಎಂದೆ.

ನೊರ್ಬರ್ಟ್ ನನ್ನ ಮುಖ ನೋಡಿದ. ತನಿಯಪ್ಪನೂ ನೋಡಿದ. ನನಗೆ ಬೊರ್ಬನ್ ಎಂದರೆ ಶೈಲಾ ಮಕ್ಕಳಿಗೆ ಕೊಡಿಸುತ್ತಿದ್ದ, ನಡುವೆ ಚಾಕಲೇಟ್ ಇರುವ, ಮೇಲೆ ಸಕ್ಕರೆ ಹರಳಿನ ಬಿಸ್ಕತ್ತು. ಅದು ಒಂದು ಜಾತಿಯ ವಿಸ್ಕಿ ಎಂದು ಆ ದಿನ ತಿಳಿಯಿತು. ಅವರಿಬ್ಬರೂ ನಗುವುದು ಮುಗಿಯುವವರೆಗೆ ನಾನು ಕ್ಯಾಲೆಂಡರ್ ನೋಡುತ್ತ ನಿಂತೆ.

ಆಮೇಲೆ ನೊರ್ಬರ್ಟ್ ಆ ಅಮೆರಿಕದವನ ಊರಿನ ಗೈಡಿನಂತೆ ಕೈ ಹಿಂದೆ ಕಟ್ಟಿಕೊಂಡು ನಮ್ಮನ್ನು ಹಿತ್ತಲ ಕೋಣೆಗೆ ಕರೆದೊಯ್ದ. ಸಕ್ಕರೆ ಕೊಳೆಯುವ ನೀಲಿ ಡ್ರಮ್ಮು, ದೊಡ್ಡ ಹಂಡೆ, ಹಂಡೆಯ ಮೂತಿಯಿಂದ ಹೊರಟ ತಾಮ್ರದ ಸುರುಳಿ. ಇರಾಕಿನ ಸೈನಿಕರು ಮನೆಯ ಫ್ರಿಜ್ಜು, ಫ್ಯಾನು, ಬಾಗಿಲ ಹಿಡಿಕೆ ಸಮೇತ ಒಯ್ದಿದ್ದರು. ಸುರುಳಿಯನ್ನು ಮಾತ್ರ ಕೆಟ್ಟ ಏಸಿಯ ತುಂಡು ಎಂದುಕೊಂಡು ಅಂಗಳಕ್ಕೆ ಎಸೆದಿದ್ದರು. ವಾಪಸ್ ಬಂದವನು ಮೊದಲು ಎತ್ತಿಟ್ಟದ್ದು ಅದನ್ನೇ ಎಂದು ನೊರ್ಬರ್ಟ್ ಹೇಳಿದ. ಕಡೆಯಲ್ಲಿ ಕಪಾಟು ತೆರೆದು ಎರಡು ಬಗೆ ತೋರಿಸಿದ. ಒಂದು ನೀರಿನ ಬಣ್ಣದ್ದು. ಇನ್ನೊಂದಕ್ಕೆ ಸುಟ್ಟ ಮರದ ಚೂರು ಹಾಕಿ ಇಟ್ಟಿದ್ದ, ಅದು ಚಹಾದ ಬಣ್ಣಕ್ಕೆ ತಿರುಗಿತ್ತು.

"ಅಮೆರಿಕದವ ಇದನ್ನು ಕುಡಿದು, ನಮ್ಮೂರ ನೆನಪಾಯ್ತು ಅಂತ ಕಣ್ಣು ಒರೆಸಿಕೊಂಡ," ಎಂದ. "ಘಾಟಿಗೆ ಒರೆಸಿದ್ದೋ ಊರಿನ ನೆನಪಿಗೋ, ನಾನು ಕೇಳಲಿಲ್ಲ. ಅಜ್ಜನಿಗೆ ಯಾವುದು ಕೊಡುವ?"

ನಾನು ತನಿಯಪ್ಪನ ಕಡೆ ತಿರುಗಿದೆ. ಅವನು ಎರಡೂ ಕೈಗಳನ್ನು ಕಂಕುಳಲ್ಲಿ ಬಿಗಿದುಕೊಂಡು ಮೂಗಿನಿಂದ ಉದ್ದಕ್ಕೆ ಉಸಿರೆಳೆಯುತ್ತಿದ್ದ. ಕಣ್ಣು ಆ ಚಹಾಬಣ್ಣದ ಸೀಸೆಯ ಮೇಲೆ ನೆಟ್ಟಿತ್ತು.

"ಬಣ್ಣದ್ದು," ಎಂದ ಕಡೆಗೆ.

"ಬಿಳಿದು ಕೊಡಿ ಪೊರ್ಬುಗಳೇ." ಬಾಗಿಲಲ್ಲಿ ಅಪ್ಪಿ ನಿಂತಿದ್ದಳು. ತುಳುವರು ಕ್ರೈಸ್ತರನ್ನು ಮರ್ಯಾದೆಯಿಂದ ಕರೆಯುವುದು ಹಾಗೆ. ಗಂಡನ ಕಡೆ ನೋಡಿ ಕೇಳಿದಳು, "ಬಾಯಾರಿಕೆ ಆದದ್ದು ಅಜ್ಜನಿಗಾ, ನಿಮಗಾ?"

ನೊರ್ಬರ್ಟ್ ಬಿಳಿಯದನ್ನು ಖಾಲಿ ವಿನೆಗರ್ ಬಾಟ್ಲಿಗೆ ತುಂಬಿಸಿ ನನ್ನ ಕೈಗೆ ಕೊಟ್ಟ. ನಾನದನ್ನು ಹಸಿ ಕೂಸನ್ನು ಹಿಡಿದಂತೆ ಎರಡೂ ಕೈಯಲ್ಲಿ ಹಿಡಿದುಕೊಂಡು ಕಾರಿಗೆ ಬಂದೆ. ಅಡುಗೆಯವನ ಸಾಮಾನಿನ ನಡುವೆ ವಿನೆಗರ್ ಇದ್ದರೆ ಯಾರಿಗೂ ಅನುಮಾನ ಬರುವುದಿಲ್ಲ ಎಂಬುದು ಕ್ಯಾಥರಿನ್ನಳ ಉಪಾಯ. ಚೀಲದಲ್ಲಿ ಈರುಳ್ಳಿ, ತನಿಯಪ್ಪ ಮೆಸ್ಸಿನಲ್ಲಿ ಕರಿದ ಚಕ್ಕುಲಿ, ಖೈತಾನಿನ ಅಂಗಡಿಯಲ್ಲಿ ಸಿಕ್ಕಿದ ಬಾಡಿದ ವೀಳ್ಯದೆಲೆ, ಅದರ ಮಧ್ಯೆ ಬಾಟ್ಲಿ.

ಹೆದ್ದಾರಿಯ ಚೆಕ್‌ಪಾಯಿಂಟಿನಲ್ಲಿ ಎಳೆ ಮುಖದ ಕುವೈತಿ ಸೈನಿಕ ಇಕಾಮಾ ನೋಡಿ, ಚೀಲ ತೆರೆಯಿಸಿದ. ಕೈ ಬಾಟ್ಲಿಯ ಕಡೆ ಹೋಯಿತು. ನಾನು ಮನಸ್ಸಿನಲ್ಲೇ ಗದಗಿನ ಮನೆಗೆ ಹೋಗಿ, ಶೈಲಾಳ ಮುಂದೆ ಕೂತು, ಆದದ್ದನ್ನೆಲ್ಲ ಹೇಳಿಯೂ ಆಯಿತು. ಸೈನಿಕ ಬಾಟ್ಲಿಯನ್ನು ಬದಿಗೆ ಸರಿಸಿ ಒಂದು ಚಕ್ಕುಲಿ ಎತ್ತಿ ಕಡಿದ. ಇನ್ನೊಂದು ತೆಗೆದುಕೊಂಡು, "ಯಲ್ಲಾ," ಎಂದು ಕೈಬೀಸಿದ.

"ಅಜ್ಜನಿಗಿಂತ ಮೊದಲು ಅವ ತಿಂದನಲ್ಲ," ಎಂದು ತನಿಯಪ್ಪ ಪೇಚಾಡಿದ.

"ಹಿಡೀಲಿಲ್ಲಲ್ಲ, ಅದಕ್ಕ ಕೈ ಮುಗಿ," ಎಂದು ಗದರಿದೆ. ನನ್ನ ಅಂಗಿ ಬೆವರಿಗೆ ಒದ್ದೆಯಾಗಿತ್ತು.

ಪೆಟ್ರೋಲ್ ಬಂಕ್ ಇನ್ನೂ ಮುಚ್ಚಿಯೇ ಇತ್ತು. ಚಾವಣಿ ಒಂದು ಕಡೆ ಕುಸಿದಿತ್ತು, ಮಿಷನ್ನುಗಳನ್ನು ಯಾರೋ ಕಿತ್ತುಕೊಂಡು ಹೋಗಿದ್ದರು. ಎಲ್ಲಿ ನೆಲಬಾಂಬು ಇದೆಯೋ ಗೊತ್ತಿಲ್ಲದ ಕಾಲ, ಆದ್ದರಿಂದ ಮೊದಲು ಯಾರದೋ ಗಾಡಿಯ ಚಕ್ರ ಬಿದ್ದ ಗುರುತಿನಲ್ಲೇ ಕಾಲಿಟ್ಟು ನಾವಿಬ್ಬರು ಹಿಂದಿನ ಗೋಡೆಯ ತನಕ ನಡೆದೆವು. ಹೊತ್ತು ಮುಳುಗಿತೋ ಇಲ್ಲವೋ ಆ ಹೊಗೆಯಲ್ಲಿ ತಿಳಿಯುತ್ತಿರಲಿಲ್ಲ. ಅಜ್ಜನಿಗೆ ದೀಪ ಹಚ್ಚುವ ಕ್ರಮ ಇಲ್ಲ, ಕತ್ತಲಲ್ಲೇ ಇಡಬೇಕು ಎಂದು ತನಿಯಪ್ಪ ಹೇಳಿದ. ಊರಿನಲ್ಲಿ ಆ ಹೊತ್ತಿಗೆ ಹೆಂಗಸರು ಅಲ್ಲಿ ನಿಲ್ಲುವುದಿಲ್ಲವಂತೆ. ಅದಕ್ಕೆ ಅಪ್ಪಿಗೆ ಕಾರಿನಲ್ಲೇ ಕೂರಲು ಹೇಳಿ ಬಂದಿದ್ದ. ಅವಳು ಕೂತಿದ್ದಳು, ಬಾಗಿಲು ಮಾತ್ರ ತೆರೆದಿಟ್ಟುಕೊಂಡಿದ್ದಳು.

ಗೋಡೆಯ ಬುಡದಲ್ಲಿ ಅವನು ಮರಳು ಸಮ ಮಾಡಿ ಎಲೆ ಹಾಸಿದ, ಚಕ್ಕುಲಿ ಇಟ್ಟ, ಸ್ಟೀಲಿನ ಲೋಟ ಇಟ್ಟ. ಅವನು ಕಣ್ಣಿನಿಂದ ತೋರಿಸಿದಾಗ ನಾನು ಬಾಟ್ಲಿಯ ಮುಚ್ಚಳ ತೆಗೆದು ಲೋಟಕ್ಕೆ ಸುರಿದೆ. ಆ ವಾಸನೆ ನನ್ನ ಬೆರಳಿಗೆ ಅಂಟಿತು. ಕೊರಳ ಲಿಂಗವನ್ನು ಇನ್ನೊಂದು ಕೈಯಿಂದ ಮುಚ್ಚಿ ಹಿಡಿದುಕೊಂಡೆ. ತನಿಯಪ್ಪ ಮಂಡಿಯೂರಿ ತುಳುವಿನಲ್ಲಿ ಬಹಳ ಹೊತ್ತು ಮಾತಾಡಿದ. ಪಕ್ಕದ ಮನೆಯ ಹಿರಿಯನ ಹತ್ತಿರ ಮಾತಾಡುವ ಧಾಟಿ. ಅಪ್ಪಿಯ ಹೆಸರು ಮತ್ತೆ ಮತ್ತೆ ಬಂತು. ನನ್ನ ಹೆಸರೂ ಒಮ್ಮೆ ಬಂತು.

ಅವನ ಮಾತು ಮುಗಿಯಿತು. ಲೋಟ ಅಲ್ಲೇ ಇತ್ತು.

"ಆತಲ್ಲ, ನಡಿ," ಎಂದೆ.

"ಪ್ರಸಾದ ತೆಕ್ಕೊಳ್ಳದಿದ್ರೆ ಆದ ಹಾಗಲ್ಲ, ಅಣ್ಣ."

"ಚಕ್ಕುಲಿ ತಿನ್ನು, ಅದೂ ಪ್ರಸಾದ ಅಲ್ಲೇನು?"

"ಹೇಳಿದ್ದು ಬಾಟ್ಲಿ ಅಲ್ವಾ? ಮುಟ್ಟುವುದಿಲ್ಲ ಅಂತ ಆಣೆ ಹಾಕಿದ್ದು ಬಾಟ್ಲಿಗೆ. ಇದು ಲೋಟ." ಹಾಗೆ ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ. ಕೈ ಆಗಲೇ ಮುಂದೆ ಹೋಗಿತ್ತು.

ಸಿಟ್ಟಿನ ಮನುಷ್ಯ ಎನಿಸಿಕೊಂಡ ನನಗೆ ಆ ಕ್ಷಣ ಸಿಟ್ಟು ಬರಲಿಲ್ಲ. ಬಂದಿದ್ದರೆ ಲೋಟಕ್ಕೆ ಒದೆಯುತ್ತಿದ್ದೆ. ದೈವದ ಮುಂದಿನ ಲೋಟಕ್ಕೆ ಒದೆಯುವುದು ಹೇಗೆ ಎಂದು ಯೋಚಿಸುತ್ತ ಬಾಟ್ಲಿ ಹಿಡಿದು ಕಂಬದ ಹಾಗೆ ನಿಂತೆ.

ಅಷ್ಟರಲ್ಲಿ ಅಪ್ಪಿ ನಮ್ಮಿಬ್ಬರ ನಡುವೆ ಬಂದಿದ್ದಳು. ಅವಳು ಕಾರಿನಿಂದ ಇಳಿದದ್ದು ನನಗೆ ಕೇಳಿಸಿರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಬಗ್ಗಿ, ಗಂಡನ ಕೈ ತಲುಪುವ ಮೊದಲೇ ಲೋಟ ಎತ್ತಿಕೊಂಡಳು.

"ಅಪ್ಪಿ, ಹೆಂಗಸರು ಇಲ್ಲಿ..." ಎಂದ ಅವನು.

"ಕಳೆದುಹೋದದ್ದು ಯಾರು? ನಾನು. ಇಲ್ಲಿ ಸಿಕ್ಕಿದ್ದು ಯಾರು? ನಾನು," ಎಂದಳು. "ಪ್ರಸಾದವೂ ನನ್ನದೇ. ಅಜ್ಜ ನನ್ನನ್ನು ಬೈಯುವುದಾದ್ರೆ ಬೈಯಲಿ. ಸ್ವಂತ ಅಜ್ಜನ ಹತ್ತಿರ ಬೈಸಿಕೊಂಡ ಹಾಗೆ ಬೈಸಿಕೊಳ್ತೇನೆ."

ಲೋಟವನ್ನು ಹಣೆಗೆ ಒತ್ತಿ, ಕಣ್ಣು ಮುಚ್ಚಿ, ಪೂರ್ತಿ ಕುಡಿದಳು. ನಡುವೆ ಒಮ್ಮೆಯೂ ನಿಲ್ಲಿಸಲಿಲ್ಲ. ಆಮೇಲೆ ಎದೆ ಹಿಡಿದುಕೊಂಡು ಕೆಮ್ಮಿದಳು, ಕಣ್ಣು ಮೂಗಿನಿಂದ ನೀರು ಸುರಿಯಿತು. ಗೋಡೆಗೆ ಕೈ ಊರಿ ಸುಧಾರಿಸಿಕೊಂಡು, ನನ್ನ ಕೈಯ ಬಾಟ್ಲಿ ತೋರಿಸಿದಳು.

"ಅದನ್ನು ಇಲ್ಲೇ ಚೆಲ್ಲಿ, ಅಣ್ಣ. ಎಲ್ಲ ಅಜ್ಜನಿಗೇ."

ನಾನು ಬಾಟ್ಲಿ ಬೋರಲು ಮಾಡಿದೆ. ಮರಳು ಅದನ್ನು ಹೀರಿಕೊಳ್ಳುವುದನ್ನು ತನಿಯಪ್ಪ ಮಂಡಿಯೂರಿದಲ್ಲಿಂದಲೇ ನೋಡಿದ. ಕಡೆಯ ಹನಿ ಬಿದ್ದ ಮೇಲೂ ಅವನ ಕಣ್ಣು ಆ ಒದ್ದೆ ಜಾಗದಿಂದ ಕದಲಲಿಲ್ಲ.

"ನನಗೆ ಬೇಕಾಗಿತ್ತು ಅಪ್ಪಿ," ಎಂದ. "ಅಜ್ಜನಿಗೂ ಬೇಕಿತ್ತು, ಅದು ಸುಳ್ಳಲ್ಲ. ಆದ್ರೆ ನನಗೂ ಬೇಕಾಗಿತ್ತು. ಒಂದು ತಿಂಗಳಿಂದ ಇದೊಂದೇ ತಲೆಯಲ್ಲಿ."

"ಗೊತ್ತುಂಟು. ಅದಕ್ಕೇ ಬಂದದ್ದು."

ಅವನು ಅತ್ತ. ಅವಳು ಎಲೆಯ ಮೇಲಿಂದ ಒಂದು ಚಕ್ಕುಲಿ ಮುರಿದು ಅವನ ಕೈಯಲ್ಲಿಟ್ಟಳು. ಅವನು ಅಳುತ್ತಲೇ ಅದನ್ನು ತಿಂದ.

ಹೊರಡಲು ತಿರುಗಿದಾಗ ಅಪ್ಪಿಯ ಕಾಲು ತಡವರಿಸಿತು. ಜನ್ಮದಲ್ಲಿ ಮುಟ್ಟದವಳು ಬರಿ ಹೊಟ್ಟೆಯಲ್ಲಿ ಕುಡಿದಿದ್ದಳು. "ನೆಲ ಯಾಕೆ ಹೀಗೆ ಹೋಗ್ತದೆ?" ಎಂದಳು. ನಾನು ಹಿಡಿಯಲು ಮುಂದಾದೆ. ಅದಕ್ಕೆ ಮೊದಲೇ ತನಿಯಪ್ಪ ಎದ್ದು ಬಂದು ಅವಳ ತೋಳನ್ನು ತನ್ನ ಹೆಗಲಿಗೆ ಹಾಕಿಕೊಂಡ.

"ನನ್ನ ಕಾಲು ನೋಡಬೇಡ, ದಾರಿ ನೋಡು. ಮೆಲ್ಲ ಬಾ," ಎಂದ. ಎಷ್ಟೋ ಶುಕ್ರವಾರ ಅವಳು ಅವನಿಗೆ ಹೇಳುತ್ತಿದ್ದ ಮಾತಂತೆ ಅದು. ಅವಳಿಗೆ ನಗು ಬಂತು. ಚಕ್ರದ ಗುರುತು ಬಿಡದೆ, ಒಂದೊಂದೇ ಹೆಜ್ಜೆ ಇಡಿಸಿ, ಅವನು ಅವಳನ್ನು ಕಾರಿನ ತನಕ ನಡೆಸಿಕೊಂಡು ಹೋದ. ನಾನು ಖಾಲಿ ಬಾಟ್ಲಿ ಹಿಡಿದು ಅವರ ಹಿಂದೆ ನಡೆದೆ.